ನೀರಿನ ತೊಟ್ಟಿಯ ಮಟ್ಟಸಂವೇದಕ

ನೀರಿನ ತೊಟ್ಟಿಯ ಮಟ್ಟಸಂವೇದಕವು ತೊಟ್ಟಿಯೊಳಗೆ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದನ್ನು ಗ್ರಹಿಸುವ ಸಾಧನ. ಗ್ರಹಿಸಿದ್ದನ್ನು ಅದು ದೀಪ ಅಥವಾ ಗಂಟೆಯ ಮೂಲಕ ತಿಳಿಸುತ್ತದೆ. ಇಲ್ಲವೇ ಪಂಪನ್ನು ತಾನಾಗಿಯೇ ಚಾಲೂ ಮಾಡಿ ನಿಲ್ಲಿಸುತ್ತದೆ. ಆಡುಮಾತಿನಲ್ಲಿ ಇದಕ್ಕೆ ‘ಸೆನ್ಸರ್’ ಎಂದೂ, ಪಂಪಿನ ಪಕ್ಕದ ಗೋಡೆಗೆ ಹಾಕುವ ಪೆಟ್ಟಿಗೆಗೆ ‘ಲೆವೆಲ್ ಕಂಟ್ರೋಲರ್’ ಎಂದೂ ಹೆಸರು. ಮನೆಯ ಸಂಪು, ಮಾಳಿಗೆಯ ಮೇಲಿನ ಟ್ಯಾಂಕು, ವಸತಿ ಸಮುಚ್ಚಯಗಳ ಮಲಿನಜಲ ಸಂಸ್ಕರಣಾ ಘಟಕ, ರಾತ್ರಿ ತಂಗಲು ಅನುಕೂಲವಿರುವ ಪ್ರವಾಸಿ ವಾಹನ, ಇವೆಲ್ಲವುಗಳಲ್ಲಿ ಮಟ್ಟಸಂವೇದಕಗಳು ಬಳಕೆಯಲ್ಲಿವೆ. ಪ್ರಸ್ತುತ ಲೇಖನವು ಬೆಂಗಳೂರು ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳ ಮನೆಗಳಲ್ಲಿ ಕಾಣುವ ವ್ಯವಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಸಂವೇದಕದ ದೋಷವನ್ನು ಪತ್ತೆಹಚ್ಚುವ ಹಾಗೂ ಅದನ್ನು ಬದಲಾಯಿಸುವ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

ನೀರಿನ ಮಟ್ಟವನ್ನು ಅಳೆಯುವುದು ಕನ್ನಡ ನಾಡಿಗೆ ಹೊಸತಲ್ಲ. ಕೆರೆಯ ತೂಬಿನ ಕಂಬಗಳನ್ನು ನೋಡಿ ನೀರಿನ ಪ್ರಮಾಣವನ್ನು ಅಂದಾಜು ಮಾಡಿ ಗದ್ದೆಗಳಿಗೆ ಹಂಚುತ್ತಿದ್ದವನೇ ನೀರುಗಂಟಿ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಳೆಗಾಲದಲ್ಲಿ ದಿನಪತ್ರಿಕೆ ಓದುವ ಯಾರಿಗೂ ಬಾಯಿಪಾಠ. ಮನೆಯ ತೊಟ್ಟಿಗೂ ಇಂಥದೊಂದು ಅಳತೆ ಅಗತ್ಯವಾದದ್ದು, ನಗರದಲ್ಲಿ ನೀರು ನಿರಂತರವಾಗಿ ಬಾರದೆ ಸರದಿಯ ಮೇಲೆ ಬರತೊಡಗಿದಾಗ.

ಬ್ರಿಟಿಷರು 19ನೆಯ ಶತಮಾನದ ಆರಂಭದಲ್ಲಿ ದಂಡನ್ನು ನೆಲೆಗೊಳಿಸಿದ ಕಾಲದಲ್ಲಿ ಅಲ್ಲಿನವರು ಹಲಸೂರು ಕೆರೆಯನ್ನೂ ಬಾವಿಗಳನ್ನೂ ಅವಲಂಬಿಸಿದ್ದರು. ದಂಡಿನ ನೀರಿನ ಅಗತ್ಯಕ್ಕಾಗಿಯೇ 1882ರಲ್ಲಿ ಸ್ಯಾಂಕಿ ಕೆರೆಯನ್ನು ನಿರ್ಮಿಸಲಾಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿತು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ 1964ರಲ್ಲಿ ಸ್ಥಾಪನೆಯಾಯಿತು. ಕಾವೇರಿಯ ಮೊದಲ ಹಂತದ ನೀರು 1974ರಲ್ಲಿ ನಗರವನ್ನು ಮುಟ್ಟಿತು. ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಬಾರಿ ಪಂಪು ಮಾಡಿ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿಸಿ ತರುವ ನೀರು ಇದು. ಮಾಳಿಗೆಯ ಟ್ಯಾಂಕು ತುಂಬಿ ಚರಂಡಿಗೆ ಹರಿಯುವಾಗ ವ್ಯರ್ಥವಾಗುವುದು ಮನೆಯ ವಿದ್ಯುತ್ತಷ್ಟೇ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಕೊಳಾಯಿಯಲ್ಲಿ ನೀರು ಬರುವ ಹೊತ್ತು ನಿಶ್ಚಿತವಿಲ್ಲದ ಕಾರಣ ಬೆಂಗಳೂರಿನ ಮನೆಗಳು ಎರಡು ತೊಟ್ಟಿಗಳನ್ನು ರೂಢಿಸಿಕೊಂಡವು: ನೆಲದಡಿಯ ಸಂಪು, ಮಾಳಿಗೆಯ ಟ್ಯಾಂಕು. ಶಿವಾಜಿನಗರ ಮತ್ತು ಹಲಸೂರಿನ ಹಳೆಯ ಓಣಿಗಳಲ್ಲಿ ಸಂಪಿಗೆ ಜಾಗವೇ ಇಲ್ಲದೆ, ಬಚ್ಚಲಿನ ಪಕ್ಕದ ಕಿರಿದಾದ ಗುಂಡಿಯೋ ಡ್ರಮ್ಮೋ ಆ ಕೆಲಸ ಮಾಡುತ್ತದೆ. 1970ರ ದಶಕದಲ್ಲಿ ರೂಪುಗೊಂಡ ಇಂದಿರಾನಗರದ ನಿವೇಶನಗಳಲ್ಲಿ ಒಂಟಿಮನೆಯ ಸಂಪುಗಳಿದ್ದ ಕಡೆ ಈಗ ಬಹುಮಹಡಿ ಕಟ್ಟಡಗಳ ದೊಡ್ಡ ಸಂಪುಗಳಿವೆ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಕೃಷ್ಣರಾಜಪುರದ ಸುತ್ತಲಿನ ಬಡಾವಣೆಗಳು ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿದ್ದವು. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಗೆಯಲ್ಲಿ ನೀರಿನ ಅಭಾವ ತೀವ್ರವಾಗಿ, ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದೇ ಮೊದಲಾದ ಬಳಕೆಗಳಿಗೆ ಜಲಮಂಡಳಿಯು 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು.

ವಿಧಗಳು

ತೇಲುಸ್ವಿಚ್ಚು ಎಲ್ಲಕ್ಕಿಂತ ಸರಳ. ಗಾಳಿ ತುಂಬಿದ ಪ್ಲಾಸ್ಟಿಕ್ ಬುರುಡೆ ನೀರಿನೊಡನೆ ಏರಿಳಿಯುತ್ತದೆ; ಬುರುಡೆ ವಾಲಿದಾಗ ಒಳಗಿನ ಉಕ್ಕಿನ ಗುಂಡು ಉರುಳಿ ಸ್ವಿಚ್ಚನ್ನು ಒತ್ತುತ್ತದೆ. ಹಿಂದೆ ಗುಂಡಿನ ಬದಲು ಪಾದರಸವಿರುತ್ತಿತ್ತು. ಇದರ ಚಿಕ್ಕ ರೂಪದಲ್ಲಿ ತೇಲುವ ಉಂಗುರದೊಳಗೆ ಅಯಸ್ಕಾಂತವೂ, ನಡುವಿನ ಕಡ್ಡಿಯೊಳಗೆ ‘ರೀಡ್ ಸ್ವಿಚ್’ ಎಂಬ ಗಾಜಿನ ಪುಟ್ಟ ನಳಿಕೆಯೂ ಇರುತ್ತವೆ. ಅಯಸ್ಕಾಂತ ಹತ್ತಿರ ಬಂದಾಗ ನಳಿಕೆಯೊಳಗಿನ ಎರಡು ಲೋಹದ ನಾಲಗೆಗಳು ಕೂಡಿಕೊಳ್ಳುತ್ತವೆ.

ವಿದ್ಯುದ್ವಾಹಕ ಕಡ್ಡಿಗಳ ಸಂವೇದಕವು ನೀರಿನ ಮೂಲಕ ವಿದ್ಯುತ್ತು ಹರಿಯುತ್ತದೆ ಎಂಬ ತತ್ತ್ವವನ್ನು ಆಧರಿಸಿದೆ. ಬೇರೆ ಬೇರೆ ಉದ್ದದ ತುಕ್ಕುರಹಿತ ಉಕ್ಕಿನ ಕಡ್ಡಿಗಳನ್ನು ಇಳಿಬಿಡುತ್ತಾರೆ. ಅತ್ಯಂತ ಉದ್ದನೆಯದು ಸಾಮಾನ್ಯ ಕಡ್ಡಿ. ನೀರು ಏರುತ್ತ ಉಳಿದ ಕಡ್ಡಿಗಳನ್ನು ಮುಟ್ಟಿದಂತೆ ಒಂದೊಂದೇ ದೀಪ ಹೊತ್ತುತ್ತದೆ. ಅಗ್ಗವೂ ಸುಲಭವೂ ಆದ್ದರಿಂದ ಮನೆಗಳಲ್ಲಿ ಇದು ಬಹಳ ಕಾಣಸಿಗುತ್ತದೆ. ಕೆಡುವುದರಲ್ಲಿಯೂ ಇದೇ ಮುಂದು.

ಶ್ರವಣಾತೀತ ಸಂವೇದಕವು ತೊಟ್ಟಿಯ ಮುಚ್ಚಳದಿಂದ ಶಬ್ದದ ಮಿಡಿತವನ್ನು ಕೆಳಕ್ಕೆ ಕಳುಹಿಸಿ, ಅದು ಮರಳಲು ಹಿಡಿಯುವ ಕಾಲವನ್ನು ಎಣಿಸುತ್ತದೆ. 20° ಸೆ. ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನೀರು 1 ಮೀಟರ್ ಕೆಳಗಿದ್ದರೆ ಮಿಡಿತವು 2 ಮೀಟರ್ ಸಾಗಿ 5.8 ಮಿಲಿಸೆಕೆಂಡಿನಲ್ಲಿ ಹಿಂದಿರುಗುತ್ತದೆ. ಬಿಸಿಲಿಗೆ ಟ್ಯಾಂಕಿನೊಳಗಿನ ಗಾಳಿ 35 ಡಿಗ್ರಿಗೆ ಕಾಯ್ದರೆ ವೇಗ ಸುಮಾರು 9 ಮೀಟರ್ ಹೆಚ್ಚುವುದರಿಂದ, ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿಯದ ಅಗ್ಗದ ಸಾಧನಗಳು ನೀರನ್ನು ಇದ್ದುದಕ್ಕಿಂತ ಕೊಂಚ ಮೇಲೆ ತೋರಿಸುತ್ತವೆ. ಸಂವೇದಕಕ್ಕೆ ತೀರ ಹತ್ತಿರದ ನೀರನ್ನು ಇವು ಕಾಣಲಾರವು.

ತಳದ ಒತ್ತಡವನ್ನು ಅಳೆಯುವ ಸಂವೇದಕಗಳು ಹಾಗೂ ತೊಟ್ಟಿಯ ಹೊರಮೈಗೆ ಅಂಟಿಸುವ ಧಾರಣಶಕ್ತಿ ಸಂವೇದಕಗಳು ಕೈಗಾರಿಕೆಗಳಲ್ಲಿಯೂ ವಾಹನಗಳಲ್ಲಿಯೂ ಹೆಚ್ಚು.

ದೋಷಗಳ ಕಾರಣ

ಸಂವೇದಕದ ತಪ್ಪು ಎರಡು ಬಗೆಯದು: ಖಾಲಿಯಾದದ್ದನ್ನು ತುಂಬಿದೆ ಎನ್ನುವುದು, ತುಂಬಿದ್ದನ್ನು ಖಾಲಿ ಎನ್ನುವುದು. ಮಾಳಿಗೆಯ ಟ್ಯಾಂಕಿನ ವಿಷಯದಲ್ಲಿ ಮೊದಲನೆಯದರಿಂದ ಮನೆಯವರಿಗೆ ನೀರು ಸಿಗದು. ಎರಡನೆಯದರಿಂದ ನೀರು ಉಕ್ಕಿ ಹರಿಯುತ್ತದೆ. ನಿಮಿಷಕ್ಕೆ 30 ಲೀಟರ್ ಎತ್ತುವ ಪಂಪು 20 ನಿಮಿಷ ಹೆಚ್ಚಾಗಿ ಓಡಿದರೆ 600 ಲೀಟರ್ ಹೋಯಿತು. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಲ್ಲಿ ಇದು ನಾಲ್ವರ ಒಂದು ದಿನದ ನೀರಿಗಿಂತ ಹೆಚ್ಚು. ಸಂಪಿನಲ್ಲಿ ಪರಿಣಾಮ ತಿರುವುಮುರುವು. ಬತ್ತಿದ ಸಂಪನ್ನು ತುಂಬಿದೆ ಎಂದು ಸಂವೇದಕ ಹೇಳಿದರೆ ಪಂಪು ನೀರಿಲ್ಲದೆ ಓಡಿ, ನೀರೇ ತಂಪಾಗಿಡಬೇಕಾದ ಅದರ ಸೀಲು ಸುಟ್ಟುಹೋಗುತ್ತದೆ.

ಕಡ್ಡಿಗಳ ಸಂವೇದಕ ಕೆಡುವ ಬಗೆ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಶಾಲೆಯ ಪ್ರಯೋಗಾಲಯದಲ್ಲಿ ನೀರಿನ ವಿದ್ಯುದ್ವಿಭಜನೆ ಎಂದು ನೋಡುವ ಕ್ರಿಯೆಯೇ ತೊಟ್ಟಿಯಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಕಡ್ಡಿಗಳಿಗೆ ನೇರ ವಿದ್ಯುತ್ತು ಕೊಟ್ಟರೆ ಧನ ಕಡ್ಡಿಯ ಲೋಹ ನಿಧಾನವಾಗಿ ಕರಗುತ್ತದೆ. ಋಣ ಕಡ್ಡಿಯ ಸುತ್ತ ನೀರು ಕ್ಷಾರೀಯವಾಗಿ, ಕರಗಿದ ಸುಣ್ಣದ ಅಂಶ ಬಿಳಿಯ ಹೊಪ್ಪಳೆಯಾಗಿ ಕೂರುತ್ತದೆ. ಈ ಹೊಪ್ಪಳೆ ವಿದ್ಯುತ್ತನ್ನು ತಡೆಯುವುದರಿಂದ ಕಡ್ಡಿ ಮುಳುಗಿದ್ದರೂ ‘ಖಾಲಿ’ ಎಂಬ ಸೂಚನೆ ಬರುತ್ತದೆ. ಇದನ್ನು ತಪ್ಪಿಸಲೆಂದೇ ಒಳ್ಳೆಯ ಕಂಟ್ರೋಲರುಗಳು ಕಡ್ಡಿಗಳಿಗೆ ಪರ್ಯಾಯ ವಿದ್ಯುತ್ತನ್ನು ಕೊಡುತ್ತವೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರುವುದು ಅಪೇಕ್ಷಣೀಯ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಹೊಪ್ಪಳೆ ಬೇಗ ಕಟ್ಟುತ್ತದೆ. ನೀರಿನ ಮೂಲ ಬದಲಾದಾಗಲೂ ಗೊಂದಲವಾಗುವುದುಂಟು. ಲವಣ ಹೆಚ್ಚಿರುವ ಕೊಳವೆಬಾವಿಯ ನೀರಿಗೆ ಹೊಂದಿಸಿದ ಕಂಟ್ರೋಲರಿಗೆ ಲವಣ ಕಡಿಮೆಯಿರುವ ಮಳೆನೀರು ಬಂದಾಗ ಅದು ಗೋಚರಿಸದೆ ಹೋಗಬಹುದು. ಆಗ ಕೆಟ್ಟಿರುವುದು ಏನೂ ಇಲ್ಲ. ಸೂಕ್ಷ್ಮತೆಯ ತಿರುಗುಣಿಯನ್ನು ಸರಿಪಡಿಸಿದರೆ ಸಾಕು.

‘ಸದಾ ತುಂಬಿದೆ’ ಎಂಬ ಸೂಚನೆಗೆ ಕಾರಣ ಬೇರೆ. ಕಡ್ಡಿಗಳನ್ನು ಹಿಡಿದಿರುವ ಬಿಲ್ಲೆಯ ಮೇಲೆ ಪಾಚಿ, ಕೆಸರು ಅಥವಾ ತೇವದ ಪದರ ಹರಡಿದರೆ ವಿದ್ಯುತ್ತು ಆ ಪದರದ ಮೂಲಕವೇ ಹರಿದು, ನೀರಿಲ್ಲದಿದ್ದರೂ ಇದ್ದಂತೆ ತೋರುತ್ತದೆ.

ತೇಲುಸ್ವಿಚ್ಚಿನ ತೊಂದರೆಗಳು ಹೆಚ್ಚಾಗಿ ಯಾಂತ್ರಿಕವಾದವು: ಬುರುಡೆ ಕೊಳವೆಗೆ ಸಿಕ್ಕಿಕೊಳ್ಳುವುದು, ಬಿರುಕಿನಿಂದ ಒಳಗೆ ನೀರು ಸೇರಿ ಮುಳುಗುವುದು, ತಂತಿ ಹಗ್ಗದಂತೆ ಸುತ್ತಿಕೊಳ್ಳುವುದು. ಆದರೆ ಯಾವ ವಿಧದ ಸಂವೇದಕವೇ ಆಗಲಿ, ಮೊದಲು ಸಂಶಯಿಸಬೇಕಾದದ್ದು ತಂತಿಯ ಜೋಡಣೆಯನ್ನು. ಮಾಳಿಗೆಯ ಬಿಸಿಲಿಗೆ ತಂತಿಯ ಹೊದಿಕೆ ಸೀಳುತ್ತದೆ. ಟೇಪು ಸುತ್ತಿದ ಕೂಡುಜಾಗಕ್ಕೆ ಮಳೆನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಹೊಸ ಸಂವೇದಕ ತಂದು ಅದೇ ಹಳೆಯ ಕೂಡುಜಾಗಕ್ಕೆ ಜೋಡಿಸಿ, ಅದೂ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವುದು ಸಾಮಾನ್ಯ ದೃಶ್ಯ.

ದೋಷ ಪತ್ತೆ

ಮೊದಲ ಪರೀಕ್ಷೆ ಕಣ್ಣಿನದು. ಮುಚ್ಚಳ ತೆರೆದು ನೀರಿನ ಮಟ್ಟವನ್ನು ನೋಡಿ, ದೀಪ ಹೇಳುವುದರೊಡನೆ ತಾಳೆಹಾಕಬೇಕು. ಅನಂತರ ಪಂಪಿನ ಎಂಸಿಬಿಯನ್ನು ಆರಿಸಿ, ಟೆಸ್ಟರಿನಿಂದ ವಿದ್ಯುತ್ತು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ಹಂತದಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಲೇಬೇಕು. ಕಡ್ಡಿಗಳ ಸಂವೇದಕಕ್ಕೆ ಹೋಗುವುದು ಸಾಮಾನ್ಯವಾಗಿ 5ರಿಂದ 12 ವೋಲ್ಟಿನ ದುರ್ಬಲ ವಿದ್ಯುತ್ತು. ಆದರೆ ಅನೇಕ ಮನೆಗಳಲ್ಲಿ ತೇಲುಸ್ವಿಚ್ಚಿನ ಮೂಲಕ ಪಂಪಿನ 230 ವೋಲ್ಟೇ ನೇರವಾಗಿ ಹರಿಯುತ್ತಿರುತ್ತದೆ. ಅಂಥಲ್ಲಿ ಮುಂದೆ ಹೇಳುವ ತಂತಿ ಕೂಡಿಸುವ ಪರೀಕ್ಷೆಯನ್ನು ಮನೆಯವರು ಮಾಡಕೂಡದು, ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು.

ದುರ್ಬಲ ವಿದ್ಯುತ್ತಿನ ವ್ಯವಸ್ಥೆಯಲ್ಲಿ ದೋಷವನ್ನು ಹುಡುಕುವ ಉಪಾಯ, ದಾರಿಯನ್ನು ಅರ್ಧರ್ಧವಾಗಿ ಕತ್ತರಿಸುತ್ತ ಹೋಗುವುದು. ಕಂಟ್ರೋಲರಿನಿಂದ ಸಂವೇದಕದ ತಂತಿಗಳನ್ನು ಕಳಚಿ, ಕಂಟ್ರೋಲರಿನ ಸಾಮಾನ್ಯ ತುದಿಯನ್ನೂ ‘ತುಂಬಿದೆ’ ತುದಿಯನ್ನೂ ಚಿಕ್ಕ ತಂತಿಯಿಂದ ಕೂಡಿಸಿ, ಪಂಪಿನ ಸಂಪರ್ಕ ತಪ್ಪಿಸಿ, ಕಂಟ್ರೋಲರಿಗೆ ಮಾತ್ರ ವಿದ್ಯುತ್ತು ಕೊಡಬೇಕು. ‘ತುಂಬಿದೆ’ ದೀಪ ಹೊತ್ತಿದರೆ ಪೆಟ್ಟಿಗೆ ಸರಿಯಿದೆ, ದೋಷ ಮೇಲೆಲ್ಲೋ ಇದೆ. ಹೊತ್ತದಿದ್ದರೆ ಮಾಳಿಗೆ ಹತ್ತುವ ಶ್ರಮವೇ ಬೇಡ. ಎರಡನೆಯ ಸಲ ವಿದ್ಯುತ್ತು ಆರಿಸಿ, ಕಳಚಿದ ತಂತಿಗಳನ್ನು ಮರಳಿ ಜೋಡಿಸಿ, ಮಾಳಿಗೆಯ ಮೇಲೆ ಸಂವೇದಕದ ಬಳಿ ಅದೇ ಎರಡು ತಂತಿಗಳನ್ನು ಕೂಡಿಸಿ ನೋಡಬೇಕು. ಈಗ ದೀಪ ಹೊತ್ತಿದರೆ ತಂತಿಯೂ ಸರಿಯಿದೆ, ಸಂವೇದಕವೇ ಕೆಟ್ಟಿದೆ. ಹೊತ್ತದಿದ್ದರೆ ನಡುವಿನ ತಂತಿ ತುಂಡಾಗಿದೆ.

ಸಂವೇದಕವೇ ಎಂದು ಗೊತ್ತಾದ ಮೇಲೂ ಕೂಡಲೇ ಎಸೆಯಬೇಕಾಗಿಲ್ಲ. ಕಡ್ಡಿಗಳನ್ನು ತೊಟ್ಟಿಯಿಂದ ಹೊರತೆಗೆದು ವಿನೆಗರಿನಲ್ಲಿಯೋ ನಿಂಬೆಹುಳಿಯ ದ್ರಾವಣದಲ್ಲಿಯೋ ಸ್ವಲ್ಪ ಹೊತ್ತು ನೆನೆಸಿ ಉಜ್ಜಿದರೆ ಹೊಪ್ಪಳೆ ಬಿಡುತ್ತದೆ. ಹುಳಿಯನ್ನು ಬ್ಲೀಚಿಂಗ್ ಪುಡಿಯೊಡನೆ ಎಂದೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ತೇಲುಸ್ವಿಚ್ಚನ್ನು ಪೂರ್ತಿ ಕಳಚಿ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ತಿರುಗಿಸುತ್ತ ಮಲ್ಟಿಮೀಟರಿನಿಂದ ಪರೀಕ್ಷಿಸಬಹುದು. ಅಲುಗಿಸಿದಾಗ ಒಳಗೆ ನೀರಿನ ಸಪ್ಪಳ ಕೇಳಿದರೆ ಅದರ ಕತೆ ಮುಗಿದಂತೆ.

ತೊಟ್ಟಿಗೆ ಇಳಿಯುವ ಅಪಾಯ

ಸಂವೇದಕ ಕೆಟ್ಟಾಗ ಸಂಭವಿಸುವ ನಿಜವಾದ ಅನಾಹುತ ನೀರಿನದಲ್ಲ, ಪ್ರಾಣದ್ದು. ಸಿಕ್ಕಿಕೊಂಡ ಬುರುಡೆಯನ್ನು ಬಿಡಿಸಲೆಂದು ಸಂಪಿಗೆ ಇಳಿಯುವುದು ಅತ್ಯಂತ ಅಪಾಯಕರ. ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ, ಅದು ಶೇ. 19.5ಕ್ಕಿಂತ ಕೆಳಗಿಳಿದ ಜಾಗವನ್ನು ಸುರಕ್ಷತಾ ನಿಯಮಗಳು ಆಮ್ಲಜನಕದ ಕೊರತೆಯುಳ್ಳದ್ದೆಂದು ಪರಿಗಣಿಸುತ್ತವೆ. ಬಹುದಿನ ಮುಚ್ಚಿದ ಸಂಪಿನಲ್ಲಿ ಕೊಳೆತ ವಸ್ತುಗಳಿದ್ದರೆ ಆಮ್ಲಜನಕ ಇದಕ್ಕಿಂತ ಬಹಳ ಕಡಿಮೆಯಿರಬಹುದು. ಕಣ್ಣಿಗೆ ಏನೂ ಕಾಣದು, ಮೂಗಿಗೆ ಏನೂ ತಿಳಿಯದು. ಇಳಿದವರು ಪ್ರಜ್ಞೆ ತಪ್ಪಿ ನೀರಿಗೆ ಬೀಳುತ್ತಾರೆ. ಕಾಪಾಡಲು ಹಿಂದೆಯೇ ಇಳಿದವರಿಗೂ ಅದೇ ಗತಿ. ಒಳಗೆ ಯಾರಾದರೂ ಬಿದ್ದಿದ್ದರೆ ಇಳಿಯದೆ, ಮುಚ್ಚಳವನ್ನು ಪೂರ್ತಿ ತೆರೆದು, 112ಕ್ಕೋ ಅಗ್ನಿಶಾಮಕದಳದ 101ಕ್ಕೋ ಕರೆ ಮಾಡಬೇಕು. ಒದ್ದೆ ಕೈ, ಸೀಳಿದ ತಂತಿ, ನೀರು ಇವು ಕೂಡಿದಲ್ಲಿ ವಿದ್ಯುದಾಘಾತವೂ ಖಚಿತ. 30 ಮಿಲಿಆಂಪಿಯರಿನ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಪಂಪಿನ ಸಾಲಿನಲ್ಲಿ ಇರತಕ್ಕದ್ದು.

ದೊಡ್ಡ ವಸತಿ ಸಮುಚ್ಚಯಗಳ ಮಲಿನಜಲ ಸಂಗ್ರಹ ತೊಟ್ಟಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿನ ತೇಲುಸ್ವಿಚ್ಚಿಗೆ ಜಿಡ್ಡು, ಕೂದಲು, ಬಟ್ಟೆಚೂರು ಅಂಟಿಕೊಂಡು ಅದು ಅಲುಗಾಡದಂತಾಗುವುದು ಪದೇ ಪದೇ ಬರುವ ತೊಂದರೆ. ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಅದರ ಪ್ರಮಾಣ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗವನ್ನು ಮುಟ್ಟಿದಾಗ ಮೂಗೇ ಮರಗಟ್ಟಿ ವಾಸನೆ ನಿಂತಂತಾಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂಬ ಭ್ರಮೆ ಹುಟ್ಟುವುದು ಆಗಲೇ.

ಒಳಚರಂಡಿ ಮತ್ತು ಮಲಗುಂಡಿಗಳಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸಿ ಶುಚಿಮಾಡಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆದೇಶಿಸಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಸಂವೇದಕ ಸರಿಮಾಡುವುದು ‘ಶುಚಿಗೊಳಿಸುವಿಕೆ’ ಅಲ್ಲವೆಂಬ ವಾದವನ್ನು ತೊಟ್ಟಿಯೊಳಗಿನ ಅನಿಲ ಕೇಳುವುದಿಲ್ಲ.

ಬದಲಾಯಿಸುವ ಕ್ರಮ

ಹೊಸ ಸಂವೇದಕವನ್ನು ಅಳವಡಿಸುವಾಗ, ಮುಂದೆ ಅದನ್ನು ಯಾರೂ ಒಳಗಿಳಿಯದೆ ಮೇಲಿನಿಂದಲೇ ಎತ್ತಿಕೊಳ್ಳುವಂತೆ ಮಾಡುವುದು ಮುಖ್ಯ. ಇದಕ್ಕೆ ಬೇಕಾದದ್ದು ಬಹಳವೇನಲ್ಲ: ತೊಟ್ಟಿಯ ಬಾಯಿಗೆ ಬಿಗಿದ ಕೊಕ್ಕೆಯೊಂದು ಮತ್ತು ತಳದವರೆಗೆ ಇಳಿಬಿಟ್ಟ ಪಿವಿಸಿ ಕೊಳವೆಯೊಂದು. ಸಂವೇದಕದ ತಂತಿಯನ್ನು ಈ ಕೊಳವೆಗೆ ಕಟ್ಟಿದರೆ ಕೊಳವೆಯೊಡನೆ ಸಂವೇದಕವೂ ಮೇಲೆ ಬರುತ್ತದೆ.

ತೇಲುಸ್ವಿಚ್ಚಿನಲ್ಲಿ ತಂತಿಯನ್ನು ಕಟ್ಟಿದ ಜಾಗದಿಂದ ಬುರುಡೆಯವರೆಗಿನ ಉದ್ದವೇ ಪಂಪು ಚಾಲೂ ಆಗುವ ಹಾಗೂ ನಿಲ್ಲುವ ಮಟ್ಟಗಳ ಅಂತರವನ್ನು ನಿರ್ಧರಿಸುತ್ತದೆ. ಅದು ತೀರ ಕಡಿಮೆಯಾದರೆ ಪಂಪು ಪದೇ ಪದೇ ಹೊತ್ತಿ ಆರಿ ಹಾಳಾಗುತ್ತದೆ. ಅಂತರವನ್ನು ಲೆಕ್ಕಹಾಕುವುದು ಕಷ್ಟವಲ್ಲ. 1.1 ಮೀಟರ್ ವ್ಯಾಸದ ದುಂಡನೆಯ ಟ್ಯಾಂಕಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.95 ಚದರ ಮೀಟರ್; ಅಂದರೆ ಪ್ರತಿ ಸೆಂಟಿಮೀಟರಿಗೆ 9.5 ಲೀಟರ್ ನೀರು. 40 ಸೆಂ.ಮೀ. ಅಂತರವಿಟ್ಟರೆ ಪಂಪು ಒಮ್ಮೆಗೆ 380 ಲೀಟರ್ ತುಂಬುತ್ತದೆ. ಮೇಲಿನ ಮಟ್ಟ ಹೆಚ್ಚುನೀರಿನ ಕೊಳವೆಗಿಂತ ಕೆಳಗಿರಬೇಕು. ಸಂಪಿನ ಕೆಳಮಟ್ಟ ಫುಟ್‌ವಾಲ್ವಿನ ಬಾಯಿ ಸದಾ ಮುಳುಗಿರುವಷ್ಟು ಮೇಲಿರಬೇಕು.

ತೇಲುಸ್ವಿಚ್ಚಿನಲ್ಲಿ ಬಹುತೇಕ ಮೂರು ತಂತಿಗಳಿರುತ್ತವೆ. ಟ್ಯಾಂಕು ತುಂಬಲು ಒಂದು ಜೋಡಿ, ಸಂಪು ಬತ್ತಿದಾಗ ನಿಲ್ಲಿಸಲು ಇನ್ನೊಂದು ಜೋಡಿ. ಜೋಡಿ ಅದಲುಬದಲಾದರೆ ಪಂಪು ತುಂಬಿದಾಗ ಓಡಿ ಖಾಲಿಯಾದಾಗ ನಿಲ್ಲುತ್ತದೆ. ಬಣ್ಣಗಳ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಮಲ್ಟಿಮೀಟರನ್ನೇ ನಂಬಬೇಕು. ಪಂಪಿನ ವಿದ್ಯುತ್ಪ್ರವಾಹ ಸ್ವಿಚ್ಚಿನ ಮೇಲೆ ನಮೂದಿಸಿದ ಮಿತಿಯನ್ನು ಮೀರುವಂತಿದ್ದರೆ ನಡುವೆ ಕಾಂಟ್ಯಾಕ್ಟರ್ ಹಾಕಬೇಕು. ತಂತಿಯ ಕೂಡುಜಾಗ ತೊಟ್ಟಿಯ ಹೊರಗೆ, ನೀರು ಸೇರದ ಪೆಟ್ಟಿಗೆಯೊಳಗೆ ಇರಬೇಕು. ಸಂವೇದಕ, ತಂತಿ, ಪೆಟ್ಟಿಗೆಗಳು ಎಲ್ಲ ಬಡಾವಣೆಗಳ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿಯೂ, ಬಿಡಿಭಾಗಗಳು ಸದರ್ ಪತ್ರಪ್ಪ ರಸ್ತೆಯ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿಯೂ ದೊರೆಯುತ್ತವೆ. ಪಾದರಸವಿರುವ ಹಳೆಯ ಸ್ವಿಚ್ಚನ್ನು ಒಡೆಯದೆ ಇ-ತ್ಯಾಜ್ಯಕ್ಕೆ ಕೊಡತಕ್ಕದ್ದು.

ವಾಹನಗಳಲ್ಲಿ

ಮನೆಯ ಈ ವ್ಯವಸ್ಥೆಯೇ ಚಿಕ್ಕದಾಗಿ ಮೋಟಾರ್‌ಹೋಮ್ ಅಥವಾ ಕ್ಯಾರವಾನ್ ಎನ್ನುವ ಪ್ರವಾಸಿ ವಾಹನಗಳಲ್ಲಿದೆ. ಅವುಗಳಲ್ಲಿ ಶುದ್ಧ ನೀರಿಗೆ, ಬಚ್ಚಲು-ಪಾತ್ರೆ ತೊಳೆದ ನೀರಿಗೆ ಮತ್ತು ಶೌಚದ ನೀರಿಗೆ ಬೇರೆ ಬೇರೆ ತೊಟ್ಟಿಗಳು. ಹಲವು ವಾಹನಗಳಲ್ಲಿ ತೊಟ್ಟಿಯ ಪಕ್ಕದ ಗೋಡೆಗೆ ಬೇರೆ ಬೇರೆ ಎತ್ತರದಲ್ಲಿ ಲೋಹದ ಮೊಳೆಗಳನ್ನು ತೂರಿಸಿರುತ್ತಾರೆ. ಇವು ಮೇಲೆ ಹೇಳಿದ ಕಡ್ಡಿಗಳಂತೆಯೇ ಕೆಲಸ ಮಾಡುತ್ತವೆ. ಶೌಚದ ತೊಟ್ಟಿಯ ಗೋಡೆಗೆ ಕಾಗದ, ಜಿಡ್ಡು ಅಂಟಿ ಮೊಳೆಗಳ ನಡುವೆ ಸೇತುವೆಯಾಗುವುದರಿಂದ, ಬರಿದುಮಾಡಿದ ಮೇಲೂ ಫಲಕ ‘ತುಂಬಿದೆ’ ಎಂದೇ ಹೇಳುವುದು ಈ ವಾಹನಗಳ ಪ್ರಸಿದ್ಧ ದೋಷ. ತೊಟ್ಟಿಗೆ ಸ್ವಲ್ಪ ನೀರು ಹಾಗೂ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಕೆಲವು ಕಿಲೋಮೀಟರ್ ಓಡಿಸಿ ಕುಲುಕಿ, ನಿಗದಿಯಾದ ವಿಸರ್ಜನಾ ಸ್ಥಳದಲ್ಲಿ ಬರಿದುಮಾಡುವುದು ಮೊದಲ ಚಿಕಿತ್ಸೆ. ಅದರಿಂದ ಗುಣ ಕಾಣದಿದ್ದರೆ ಮೊಳೆಯನ್ನು ಅದರ ರಬ್ಬರ್ ಬಿರಡೆಯ ಸಮೇತ ಬದಲಾಯಿಸುತ್ತಾರೆ, ಇಲ್ಲವೇ ಹೊರಮೈಗೆ ಅಂಟಿಸುವ ಧಾರಣಶಕ್ತಿ ಸಂವೇದಕವನ್ನು ಹಾಕುತ್ತಾರೆ. ನೀರಿನ ಪರಾವೈದ್ಯುತ ಸ್ಥಿರಾಂಕ ಸುಮಾರು 80, ಗಾಳಿಯದು 1. ಈ ಅಂತರವನ್ನು ಪ್ಲಾಸ್ಟಿಕ್ ಗೋಡೆಯ ಹೊರಗಿನಿಂದಲೇ ಗ್ರಹಿಸಬಹುದಾದ್ದರಿಂದ ತೊಟ್ಟಿಗೆ ತೂತು ಕೊರೆಯುವ ಅಗತ್ಯವಿರುವುದಿಲ್ಲ. ಲೋಹದ ತೊಟ್ಟಿಗಳಿಗೆ ಇದು ಹೊಂದುವುದಿಲ್ಲ.